ಸುಡಬೇಕಾದ ಕೊರಕ, ಉಳಿಸಬೇಕಾದ ಕೊರಕ

ಸಕಲೇಶಪುರ ಕಡೆಯ ಕಾಫಿ ಬೆಳೆಗಾರರೊಬ್ಬರ ಪತ್ರ: “ಕಳೆದ ಸಂಚಿಕೆಯಲ್ಲಿ ಯುರೋಪಿನ ನೀಲಿ ಜೀರುಂಡೆಯನ್ನು ಅಷ್ಟೊಂದು ಹೊಗಳಿ ಬರೆದಿದ್ದೀರಿ. ಅದೂ ಮರ ಕೊರೆಯುವ ಹುಳುವೇ ಅಲ್ಲವೇ? ಬೋರರ್ (ಬಿಳಿ ಕಾಂಡಕೊರಕ) ಹತ್ತಿದ ಅರೇಬಿಕಾ ಗಿಡಗಳನ್ನು ವರ್ಷ ವರ್ಷವೂ ಕಿತ್ತು ಸುಡುವ ನಮ್ಮ ಸಂಕಟ ನಿಮಗೆ ಗೊತ್ತೇ? ಇನ್ನು ತೋಟದಲ್ಲಿ ಒಣಗಿ ನಿಂತ ಮರವನ್ನೂ ಮುಟ್ಟಬಾರದು ಎನ್ನುತ್ತೀರಾ?”

ಮಾನ್ಯರೇ,

ನಿಮ್ಮ ಸಿಟ್ಟು ನ್ಯಾಯವಾದದ್ದೇ. ನಿಮ್ಮ ತೋಟದ ಬಿಳಿ ಕಾಂಡಕೊರಕವೂ ನಾವು ಬರೆದ ನೀಲಿ ಜೀರುಂಡೆ ರೊಸಾಲಿಯಾ ಆಲ್ಪಿನಾ ಕೂಡ ಉದ್ದ ಮೀಸೆಯ ಜೀರುಂಡೆಗಳ ಒಂದೇ ಕುಟುಂಬಕ್ಕೆ ಸೇರಿದವು. ಆದರೆ ದಾಯಾದಿ ಮಾಡಿದ ಸಾಲವನ್ನು ಇವನಿಂದ ವಸೂಲಿ ಮಾಡುವುದು ಸರಿಯಲ್ಲ. ಕಾಂಡಕೊರಕ ಜೀವಂತ ಅರೇಬಿಕಾ ಗಿಡದ ತೊಗಟೆಯ ಬಿರುಕಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳು ಒಳಗೆ ಸುರಂಗ ಕೊರೆದು ಗಿಡವನ್ನೇ ಕೊಲ್ಲುತ್ತದೆ. ರೊಸಾಲಿಯಾದ ಮರಿಹುಳುವಿಗೆ ಬೇಕಾದದ್ದು ಸತ್ತ ಮರ, ಅಥವಾ ಮರದ ಸತ್ತ ಭಾಗ. ಅದರಲ್ಲೂ ಮುಖ್ಯವಾಗಿ ಬಿಸಿಲು ಬೀಳುವ ಕಡೆ ಒಣಗಿ ನಿಂತ ಬೀಚ್ ಎಂಬ ಯುರೋಪಿನ ಕಾಡುಮರ.

ಮಧ್ಯ ಮತ್ತು ದಕ್ಷಿಣ ಯುರೋಪಿನ ಬೆಟ್ಟಗಳಲ್ಲಿ, ಕಾರ್ಪೇಥಿಯನ್, ಆಲ್ಪ್ಸ್, ಅಪೆನೈನ್ ಸಾಲುಗಳ ಬೀಚ್ ಕಾಡುಗಳಲ್ಲಿ ಈ ಜೀರುಂಡೆ ಬದುಕುತ್ತದೆ. ಬೂದುನೀಲಿ ಮೈ, ಅದರ ಮೇಲೆ ಕಪ್ಪು ಮಚ್ಚೆಗಳು, ಮೈಗಿಂತ ಉದ್ದವಾದ ಮೀಸೆ, ಮೀಸೆಯ ಗಿಣ್ಣುಗಳಲ್ಲಿ ಕಪ್ಪು ಕೂದಲ ಕುಚ್ಚು. ಚಿತ್ರದಲ್ಲಿ ಎದ್ದು ಕಾಣುವ ಈ ಬಣ್ಣ ಬೀಚ್ ಮರದ ಬೂದು ತೊಗಟೆಯ ಮೇಲೆ ಬೆರೆತುಹೋಗುತ್ತದೆ. ಮರದೊಳಗಿನ ಬಾಳು ಸಾಮಾನ್ಯವಾಗಿ ಮೂರು ವರ್ಷ; ರೆಕ್ಕೆ ಬಂದ ಮೇಲೆ ಉಳಿಯುವುದು ಬೇಸಿಗೆಯ ಕೆಲವೇ ವಾರ.

ಅದಕ್ಕೆ ಕುತ್ತು ತಂದದ್ದು ಕಾಡನ್ನು ‘ಸ್ವಚ್ಛ’ವಾಗಿಡುವ ಪದ್ಧತಿ. ಒಣಮರ ಎಂದರೆ ವ್ಯರ್ಥ ಎಂದು ಕಡಿದು ಸಾಗಿಸಿದ್ದರಿಂದ ಮೊಟ್ಟೆಯಿಡಲು ಜಾಗವೇ ಇಲ್ಲವಾಯಿತು. ಇದಕ್ಕಿಂತ ಘೋರವಾದದ್ದು ಸೌದೆ ರಾಶಿ. ಕಡಿದ ಬೀಚ್ ದಿಮ್ಮಿಗಳನ್ನು ಕಾಡಿನ ಬಯಲಿನಲ್ಲಿ, ಬಿಸಿಲಿಗೆ ಒಟ್ಟಿರುತ್ತಾರೆ. ಹೆಣ್ಣು ಜೀರುಂಡೆಗೆ ಅದಕ್ಕಿಂತ ಒಳ್ಳೆಯ ತಾಣ ಕಾಣುವುದಿಲ್ಲ. ಹಾರಿಬಂದು ಅಲ್ಲೇ ಮೊಟ್ಟೆಯಿಡುತ್ತದೆ. ಕೆಲ ತಿಂಗಳಲ್ಲಿ ಲಾರಿ ಬರುತ್ತದೆ. ಮರಿಹುಳುಗಳು ದಿಮ್ಮಿಯ ಸಮೇತ ಯಾರದೋ ಒಲೆಯಲ್ಲಿ ಬೂದಿಯಾಗುತ್ತವೆ. ಸುತ್ತಲಿನ ಕಾಡಿನ ಜೀರುಂಡೆಗಳನ್ನೆಲ್ಲ ಸೆಳೆದು ಒಂದು ಪೀಳಿಗೆಯನ್ನೇ ನುಂಗುವ ಬಲೆ ಇದು. ಸೌದೆ ಒಟ್ಟಿದವರಿಗೆ ಇದರ ಅರಿವೇ ಇರುವುದಿಲ್ಲ ಎನ್ನುವುದು ನನ್ನನ್ನು ಹೆಚ್ಚು ಕಾಡುತ್ತದೆ.

ಐರೋಪ್ಯ ಒಕ್ಕೂಟ 1992ರ ಆವಾಸಸ್ಥಾನ ಕಾನೂನಿನಲ್ಲಿ ಈ ಜೀರುಂಡೆಗೆ ಆದ್ಯತೆಯ ರಕ್ಷಣೆ ಕೊಟ್ಟಿದೆ. ಹಂಗೇರಿಯ ಡ್ಯಾನ್ಯೂಬ್-ಇಪೋಯ್ ರಾಷ್ಟ್ರೀಯ ಉದ್ಯಾನದ ಲಾಂಛನವೇ ಇದು. ಆದರೂ ಕಾನೂನಿಗಿಂತ ಕಾಡಿನ ಕೆಲಸದವರ ಕೈಯಲ್ಲೇ ಹೆಚ್ಚು ಇದೆ: ಜೀರುಂಡೆ ಹಾರಾಟ ಶುರುಮಾಡುವ ಮುಂಚೆಯೇ ದಿಮ್ಮಿಗಳನ್ನು ಕಾಡಿನಿಂದ ಹೊರಗೆ ಸಾಗಿಸುವುದು, ಆಗದಿದ್ದರೆ ನೆರಳಿನಲ್ಲಿ ಒಟ್ಟುವುದು, ಮೊಟ್ಟೆ ಬಿದ್ದ ದಿಮ್ಮಿಗಳನ್ನು ಅಲ್ಲೇ ಬಿಡುವುದು, ಕೆಲವು ಮರಗಳ ಬುಡವನ್ನು ಎತ್ತರದಲ್ಲಿ ಕಡಿದು ಮೋಟು ಉಳಿಸುವುದು. ಹಾಗೆ ಉಳಿದ ಮೋಟಿನಲ್ಲಿ ರೊಸಾಲಿಯಾ ಒಂದೇ ಅಲ್ಲ, ಅಣಬೆಗಳು, ಹತ್ತಾರು ಬಗೆಯ ಬೇರೆ ಕೀಟಗಳು, ಅವನ್ನು ಕುಕ್ಕಿ ತಿನ್ನುವ ಮರಕುಟಿಗಗಳೂ ಬದುಕುತ್ತವೆ. “ಉಳಿಸಿ ಯಾರಿಗೆ ಏನು” ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಇದೇ.

ಇನ್ನು ನಿಮ್ಮ ತೋಟದ ಮಾತು. ಬೋರರ್ ಹತ್ತಿದ ಅರೇಬಿಕಾ ಗಿಡವನ್ನು ಕಿತ್ತು ಸುಡಲೇಬೇಕು. ಹಾಗೇ ಬಿಟ್ಟರೆ ಒಳಗಿನ ಹುಳು ಬೆಳೆದು ಹೊರಬಂದು ಪಕ್ಕದ ಗಿಡಕ್ಕೆ ಹೋಗುತ್ತದೆ. ಅದರಲ್ಲಿ ಕನಿಕರ ಬೇಡ. ಆದರೆ ಕಾಂಡಕೊರಕಕ್ಕೂ ಬಿಸಿಲೇ ಇಷ್ಟ. ನೆರಳು ತೆಳುವಾದ ತೋಟದಲ್ಲಿ ಅದರ ಹಾವಳಿ ಹೆಚ್ಚು ಎಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಆದ್ದರಿಂದ ಕಾಡುಮರದ ಹದವಾದ ನೆರಳು ನಿಮ್ಮ ಬೆಳೆಗೂ ರಕ್ಷಣೆಯೇ.

ಒಣಗಿದ ನೆರಳುಮರ ಆಳುಗಳು ಓಡಾಡುವ ದಾರಿಯಲ್ಲೋ ವಿದ್ಯುತ್ ತಂತಿಯ ಪಕ್ಕದಲ್ಲೋ ಇದ್ದರೆ ತಡಮಾಡದೆ ಕಡಿಸಿ. ಹಳ್ಳದ ಅಂಚಿನಲ್ಲೋ ತೋಟದ ಗಡಿಯ ಕಾಡಿನಲ್ಲೋ ಯಾರಿಗೂ ಅಪಾಯವಿಲ್ಲದೆ ನಿಂತಿದ್ದರೆ ಒಂದೆರಡನ್ನು ಹಾಗೇ ಬಿಡಿ ಎಂದು ಕೇಳುತ್ತೇನೆ. ಬಿದ್ದರೆ ಸೌದೆಗೆ ಎಳೆಸದೆ ಅಲ್ಲೇ ಕೊಳೆಯಲು ಬಿಡಿ. ಅದರಲ್ಲಿ ಯಾವ ಯಾವ ಜೀವ ಕಾಣಿಸಿತೆಂದು ಪತ್ರಿಕೆಗೆ ಬರೆದು ಕಳಿಸಿದರೆ ಪ್ರಕಟಿಸುತ್ತೇವೆ.

— ಸಂಪಾದಕ