‘ನೋಡೋಣ’ ಎಂದ 214 ಮೇಲ್‌ಗಳು

ನಾನು ಆಪ್ತಸಲಹೆಗಾರ್ತಿ. ‘ಇಲ್ಲ’ ಎನ್ನಲಾಗದೆ ಕೆಲಸಗಳನ್ನು ಮುಂದೂಡುತ್ತಲೇ ಹೋಗುವವರ ಪ್ರಕರಣ ಕಳೆದ ಮೂರು ವರ್ಷಗಳಲ್ಲಿ ನನ್ನ ಬಳಿ ಬಂದಿದ್ದು ಇದು ಐದನೇ ಸಲ. ಅದಕ್ಕೇ ಬರೆಯುತ್ತಿದ್ದೇನೆ. ಈ ಸಲ ಬಂದವರ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.

ಮೂವತ್ತೈದು ದಾಟಿದ ಗಂಡಸು. ಸಕಲೇಶಪುರದ ಕಡೆಯವರು. ಬೆಂಗಳೂರಿನ ಕಂಪನಿಯೊಂದರ ಕೆಲಸವನ್ನು ಊರಲ್ಲೇ ಕೂತು ಮಾಡುತ್ತಾರೆ. ಜೊತೆಗೆ ಅಪ್ಪ ಬಿಟ್ಟುಹೋದ ಕಾಫಿ ತೋಟದ ಲೆಕ್ಕ. ಹಾಸನಕ್ಕೆ, ನನ್ನ ಬಳಿಗೆ, ಕರೆತಂದಿದ್ದು ಹೆಂಡತಿ. ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುತ್ತೆ, ಫೋನ್ ತೆಗೆದು ಏನೋ ಟೈಪ್ ಮಾಡ್ತಾರೆ, ಮತ್ತೆ ನಿದ್ದೆ ಬರಲ್ಲ ಎಂಬುದು ಅವರ ದೂರು. ಇಂಥ ಎಚ್ಚರ ಖಿನ್ನತೆಯ ಲಕ್ಷಣವೂ ಆಗಿರಬಹುದು. ಹಾಗಾಗಿ ಮೊದಲು ವೈದ್ಯರ ಬಳಿ ಕಳಿಸಿದೆ. ಅಂಥದ್ದೇನಿಲ್ಲ ಎಂದು ಅವರು ಹೇಳಿದ ಮೇಲೆಯೇ ನಾನು ಮುಂದುವರಿಸಿದ್ದು.

ಫೋನಲ್ಲಿ ಟೈಪ್ ಮಾಡುತ್ತಿದ್ದದ್ದು ಕೆಲಸಗಳ ಪಟ್ಟಿ. ಅದಕ್ಕೆ ಮೂರು ಆಪ್. ಟೊಡೊಯಿಸ್ಟ್‌ನಲ್ಲಿ ಒಂದು ಪಟ್ಟಿ, ಟ್ರೆಲ್ಲೋದಲ್ಲಿ ಇನ್ನೊಂದು, ಗೂಗಲ್ ಕೀಪ್‌ನಲ್ಲಿ ಮತ್ತೊಂದು. ಜಿಮೇಲ್‌ನಲ್ಲಿ ಬಣ್ಣಬಣ್ಣದ ಲೇಬಲ್. ಭಾನುವಾರ ಮಧ್ಯಾಹ್ನ ಪೂರ್ತಿ ಇದನ್ನೆಲ್ಲ ಜೋಡಿಸುವುದರಲ್ಲೇ ಹೋಗುತ್ತಿತ್ತು. “ಇವರ ಇನ್‌ಬಾಕ್ಸ್ ಯಾವಾಗಲೂ ಖಾಲಿ ಇರುತ್ತೆ ಮೇಡಂ. ಆದ್ರೆ ಯಾರಿಗೂ ಉತ್ತರ ಹೋಗಿರಲ್ಲ” ಅಂದರು ಹೆಂಡತಿ.

ಖಾಲಿ ಇದ್ದದ್ದು ‘ಸ್ನೂಜ್’ನಿಂದ. 2018ರಲ್ಲಿ ಜಿಮೇಲ್‌ಗೆ ಈ ಸೌಲಭ್ಯ ಬಂತು. ಒತ್ತಿದರೆ ಮೇಲ್ ಕಣ್ಣೆದುರಿಂದ ಮರೆಯಾಗುತ್ತದೆ. ನಾವು ಹೇಳಿದ ದಿನ, ಹೇಳಿದ ಹೊತ್ತಿಗೆ ಮತ್ತೆ ಮೇಲೆ ಬಂದು ಕೂರುತ್ತದೆ. ಒಳ್ಳೆಯ ಸೌಲಭ್ಯವೇ. ಇವರು ಅದನ್ನು ದಿನಕ್ಕೆ ಹತ್ತಾರು ಸಲ ಒತ್ತುತ್ತಿದ್ದರು.

ಮೂರನೇ ಭೇಟಿಗೆ ಲ್ಯಾಪ್‌ಟಾಪ್ ತನ್ನಿ ಎಂದಿದ್ದೆ. ಸ್ನೂಜ್ ಮಾಡಿದ ಪಟ್ಟಿ ತೆಗೆಸಿದೆ. 214 ಮೇಲ್. “ಯಾರು ಬರೆದದ್ದು ಅಂತ ಹೇಳಬೇಡಿ. ಏನು ಕೇಳಿದ್ದಾರೆ ಅಷ್ಟು ಹೇಳಿ” ಎಂದೆ. ಒಂದೊಂದೇ ಹೇಳುತ್ತಾ ಹೋದರು. ಹಳೆ ವಿದ್ಯಾರ್ಥಿಗಳ ಸಂಘದ ಲೆಕ್ಕ ನೋಡಿಕೊಳ್ಳಿ ಅಂತ ಒಂದು. ದೊಡ್ಡಪ್ಪನ ಮೊಮ್ಮಗನ ರೆಸ್ಯೂಮ್ ತಿದ್ದಿ ನಿಮ್ಮ ಕಂಪನಿಗೆ ಕೊಡಿ ಅಂತ ಒಂದು. ಗೆಳೆಯನ ಹೋಂಸ್ಟೇಗೆ ವೆಬ್‌ಸೈಟ್. ಹೊಸಬರಿಗೆ ಶನಿವಾರ ತರಬೇತಿ ಕೊಡಿ ಅಂತ ಮ್ಯಾನೇಜರ್ ಬರೆದದ್ದು.

ಪ್ರತಿಯೊಂದಕ್ಕೂ ನನ್ನದು ಒಂದೇ ಪ್ರಶ್ನೆ. “ಇದನ್ನು ಮಾಡ್ತೀರಾ?”

“ನೋಡೋಣ ಮೇಡಂ.”

ಅವರು ಹಾಗೆ ಅಂದಾಗಲೆಲ್ಲ ಹಾಳೆಯ ಮೇಲೆ ಒಂದು ಗೀಟು ಹಾಕಿದೆ. ಇಪ್ಪತ್ತು ಮೇಲ್ ಆಗುವಷ್ಟರಲ್ಲಿ ಹದಿನಾಲ್ಕು ಗೀಟು. ಹಾಳೆ ತಿರುಗಿಸಿ ಅವರ ಮುಂದಿಟ್ಟೆ. ಇದು ನೀವು ‘ನೋಡೋಣ’ ಅಂದಿದ್ದರ ಲೆಕ್ಕ ಎಂದೆ.

ತುಂಬಾ ಹೊತ್ತು ಸುಮ್ಮನಿದ್ದರು. ಆಮೇಲೆ ಅಂದರು: “ನಮ್ಮಪ್ಪ ‘ನೋಡೋಣ’ ಅಂದ್ರೆ ಕೇಳೋಕೆ ಬಂದವರಿಗೆ ಗೊತ್ತಾಗೋದು, ಇದು ಆಗಲ್ಲ ಅಂತ. ಕಾಫಿ ಕುಡಿದು ಎದ್ದು ಹೋಗೋರು. ಅಪ್ಪನೂ ಅಲ್ಲಿಗೇ ಮರೆಯೋರು. ನಾನು ‘ನೋಡೋಣ’ ಅಂದ್ರೆ ಅದು ಆಪ್ ಒಳಗೆ ಹೋಗುತ್ತೆ. ಸೋಮವಾರ ಎಂಟು ಗಂಟೆಗೆ ವಾಪಸ್ ಬರುತ್ತೆ.”

ಇಷ್ಟು ವರ್ಷದ ಕೆಲಸದಲ್ಲಿ ಇಷ್ಟು ಸರಿಯಾಗಿ ಯಾರೂ ಇದನ್ನು ಹೇಳಿರಲಿಲ್ಲ. ನಮ್ಮ ಭಾಷೆಯಲ್ಲಿ ‘ನೋಡೋಣ’ ಎಂಬುದು ಎಷ್ಟೋ ಸಲ ಮೆತ್ತಗಿನ ‘ಇಲ್ಲ’. ಎದುರಿಗೆ ಕೂತಾಗ ದನಿ, ಮುಖ, ಸ್ವಲ್ಪ ಎಳೆದು ಹೇಳುವ ರೀತಿ, ಎಲ್ಲ ಸೇರಿ ಅದನ್ನು ‘ಇಲ್ಲ’ ಮಾಡುತ್ತವೆ. ಮೇಲ್‌ನಲ್ಲಿ ದನಿ ಇಲ್ಲ. ಅಲ್ಲಿ ‘ನೋಡ್ತೀನಿ’ ಎಂದು ಬರೆದರೆ ಆ ಕಡೆಯವರು ಕಾಯುತ್ತಾರೆ. ಈ ಕಡೆಯವರು ಅದನ್ನು ಕೆಲಸ ಎಂದು ಪಟ್ಟಿಗೆ ಹಾಕಿಕೊಳ್ಳುತ್ತಾರೆ. ಮಾಡಲು ಮನಸ್ಸೇ ಇಲ್ಲದ ಕೆಲಸ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ.

ಅರ್ಧಕ್ಕೆ ನಿಂತದ್ದು ಮನಸ್ಸನ್ನು ಕಾಡುತ್ತದೆ ಎಂದು ಮನೋವಿಜ್ಞಾನಿ ಬ್ಲೂಮಾ ಜೈಗಾರ್ನಿಕ್ 1927ರಲ್ಲೇ ಬರೆದಿದ್ದರು. ಅವರ ಪ್ರಯೋಗದಲ್ಲಿ ಜನರಿಗೆ ಮುಗಿಸಿದ ಕೆಲಸಕ್ಕಿಂತ ನಡುವೆ ನಿಲ್ಲಿಸಿದ ಕೆಲಸ ಹೆಚ್ಚು ನೆನಪಿತ್ತು. 2011ರಲ್ಲಿ ಮಾಸಿಕಾಂಪೊ ಮತ್ತು ಬಾಮೈಸ್ಟರ್ ಎಂಬ ಮನೋವಿಜ್ಞಾನಿಗಳು ಇನ್ನೊಂದು ಮಾತು ಸೇರಿಸಿದರು. ಕೆಲಸ ಮುಗಿಯದಿದ್ದರೂ ಪರವಾಗಿಲ್ಲ, ಯಾವಾಗ, ಹೇಗೆ ಮಾಡುತ್ತೇನೆ ಎಂದು ಖಚಿತವಾಗಿ ಗೊತ್ತುಮಾಡಿಕೊಂಡರೆ ಕಾಟ ಕಡಿಮೆಯಾಗುತ್ತದೆ. ‘ಇದನ್ನು ಮಾಡುವುದಿಲ್ಲ’ ಎಂಬುದೂ ಅಷ್ಟೇ ಖಚಿತವಾದ ತೀರ್ಮಾನ ಅಂತ ನಾನು ನಂಬುತ್ತೇನೆ. ಸ್ನೂಜ್ ತೀರ್ಮಾನವಲ್ಲ. 2007ರಲ್ಲಿ ಇನ್‌ಬಾಕ್ಸ್ ಖಾಲಿ ಮಾಡುವ ಬಗ್ಗೆ ಮಾತಾಡಿದ ಅಮೆರಿಕದ ಲೇಖಕ ಮರ್ಲಿನ್ ಮಾನ್ ಐದು ಕ್ರಿಯೆ ಹೇಳಿದ್ದರು: ಅಳಿಸು, ಬೇರೆಯವರಿಗೆ ಒಪ್ಪಿಸು, ಉತ್ತರಿಸು, ಮುಂದೂಡು, ಮಾಡು. ಇವರು ಬಳಸುತ್ತಿದ್ದದ್ದು ನಾಲ್ಕನೆಯದು ಮಾತ್ರ.

ಅವತ್ತೇ ಒಂದಕ್ಕೆ ‘ಇಲ್ಲ’ ಬರೆಯೋಣ ಎಂದೆ. ಸಂಘದ ಲೆಕ್ಕದ ಮೇಲ್ ಆರಿಸಿಕೊಂಡರು. ಮೊದಲು ಎರಡು ಪ್ಯಾರಾ ಬರೆದರು. ತೋಟದ ಕೊಯ್ಲು, ಅಮ್ಮನ ಮಂಡಿನೋವು, ಆಫೀಸು, ಎಲ್ಲ ಬಂತು. ಕಾರಣ ಜಾಸ್ತಿಯಾದಷ್ಟೂ ಸಂಘದವರಿಗೆ ‘ಹಾಗಾದ್ರೆ ಕೊಯ್ಲು ಮುಗಿದ ಮೇಲೆ ಮಾಡಿ’ ಅನ್ನಲು ದಾರಿಯಾಗುತ್ತೆ ಎಂದೆ. ಕೊನೆಗೆ ಉಳಿದದ್ದು ಇಷ್ಟು: “ಈ ಕೆಲಸ ನನ್ನಿಂದ ಆಗುವುದಿಲ್ಲ. ತಡವಾಗಿ ಹೇಳುತ್ತಿದ್ದೇನೆ, ಕ್ಷಮಿಸಿ. ಬೇರೆಯವರನ್ನು ಕೇಳಿ.”

ಜಿಮೇಲ್‌ನಲ್ಲಿ ಕಳಿಸಿದ ಮೇಲ್ ಹಿಂದಕ್ಕೆ ಪಡೆಯಲು ಸ್ವಲ್ಪ ಸಮಯ ಸಿಗುತ್ತದೆ. ಐದು ಸೆಕೆಂಡಿನಿಂದ ಮೂವತ್ತರವರೆಗೆ ಇಟ್ಟುಕೊಳ್ಳಬಹುದು. ಇವರದು ಮೂವತ್ತಕ್ಕೆ ಇತ್ತು. ಕಳಿಸಿದರು, ‘ಅನ್‌ಡು’ ಒತ್ತಿದರು. ಮತ್ತೆ ಕಳಿಸಿದರು, ಮತ್ತೆ ಹಿಂದಕ್ಕೆ ಪಡೆದರು. ನಾನು ಏನೂ ಹೇಳಲಿಲ್ಲ. ಮೂರನೇ ಸಲ ಕಳಿಸಿ ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತರು. ಮೂವತ್ತು ಸೆಕೆಂಡ್ ಅಷ್ಟು ಉದ್ದ ಇರುತ್ತದೆಂದು ನನಗೂ ಅವತ್ತೇ ಗೊತ್ತಾದದ್ದು. ಅದು ಹೋದ ಮೇಲೆ ಒಂದು ಲೋಟ ನೀರು ಕೇಳಿದರು.

ಕೊಟ್ಟ ಸಲಹೆ ಹೆಚ್ಚೇನಿಲ್ಲ. ಆಪ್ ಒಂದೇ ಇರಲಿ, ಯಾವುದಾದರೂ ಸರಿ. ಒಂದು ಮೇಲ್ ಅನ್ನು ಎರಡು ಸಲ ಮಾತ್ರ ಮುಂದೂಡಬಹುದು. ಮೂರನೇ ಸಲ ಬಂದರೆ ಮಾಡಬೇಕು, ಇಲ್ಲವೇ ‘ಇಲ್ಲ’ ಎನ್ನಬೇಕು. ಮ್ಯಾನೇಜರ್‌ಗೆ ಇಲ್ಲ ಎನ್ನಲಾಗದಿದ್ದರೆ ‘ಇದು ಮೊದಲೋ, ಅದು ಮೊದಲೋ, ನೀವೇ ಹೇಳಿ’ ಎಂದು ಕೇಳಬೇಕು. ಮೇಲ್ ನೋಡುವುದು ದಿನಕ್ಕೆ ಮೂರು ಹೊತ್ತು. ಇದನ್ನು ಸುಮ್ನೆ ಹೇಳಿದ್ದಲ್ಲ. ಕೆನಡಾದಲ್ಲಿ 124 ಜನರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹಾಗೆ ಮೂರೇ ಸಲ ನೋಡಿದ ವಾರ ಜನರ ಒತ್ತಡ ಕಡಿಮೆಯಿತ್ತು. ಇನ್ನು, ಮಲಗುವ ಕೋಣೆಯಲ್ಲಿ ಫೋನ್ ಬೇಡ. ಹಾಳೆ, ಪೆನ್ಸಿಲ್ ಸಾಕು.

ಕೊನೆಯದಕ್ಕೆ ಅವರೇ ಒಂದು ಸೇರಿಸಿದರು. ತೋಟದಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಬರೆಯುವ ಚೆಕ್‌ರೋಲ್ ಇದೆಯಲ್ಲ, ಆಳುಗಳ ಹಾಜರಿ ಪುಸ್ತಕ. ಯಾರು ಬಂದರು, ಯಾವ ಕೆಲಸಕ್ಕೆ ಹೋದರು ಎಂದು ಬರೆದು ಸಂಜೆಗೆ ಮುಚ್ಚುತ್ತಾರೆ. ನಾಳೆಯ ಲೆಕ್ಕಕ್ಕೆ ಪುಸ್ತಕದಲ್ಲಿ ನಾಳೆಯದೇ ಕಾಲಂ. ತಾವೂ ಸಂಜೆ ಆರಕ್ಕೆ ಹಾಗೇ ಬರೆದು ಮುಚ್ಚುತ್ತೇನೆ ಎಂದರು. ನನ್ನ ಸಲಹೆಗಿಂತ ಅದೇ ಹೆಚ್ಚು ಕೆಲಸ ಮಾಡಿತು.

ಆಪ್ತಸಲಹೆಗಾರ್ತಿ ಬೇರೆಯವರ ಮೇಲ್ ತೆಗೆಸಿ ಕೂರುವುದು ಸರಿಯೇ ಎಂದು ಸಹೋದ್ಯೋಗಿಯೊಬ್ಬರು ಕೇಳಿದರು. ಬಾಲ್ಯದ ಬಗ್ಗೆ, ಅಪ್ಪನ ಬಗ್ಗೆ ಕೇಳಬೇಕಿತ್ತು ಎಂದರು. ನಾನು ಒಪ್ಪುವುದಿಲ್ಲ. ಕಷ್ಟ ಎಲ್ಲಿ ದಿನವೂ ನಡೆಯುತ್ತಿದೆಯೋ ಅಲ್ಲೇ ಕೂತು ನೋಡಬೇಕು. ಅಪ್ಪನ ಮಾತು ತಾನಾಗಿ ಬಂತು, ಅದೂ ಮೇಲ್ ಪಟ್ಟಿಯ ಮುಂದೆಯೇ ಬಂತು. ಆ ಸಹೋದ್ಯೋಗಿ ಹೇಳಿದ ಇನ್ನೊಂದು ಮಾತು ಮಾತ್ರ ನಿಜ. ಹಾಸನದಂಥ ಊರಲ್ಲಿ ‘ಇಲ್ಲ’ ಎನ್ನುವುದು ಬೆಂಗಳೂರಿನಷ್ಟು ಸುಲಭವಲ್ಲ. ಇವತ್ತು ಇಲ್ಲ ಎಂದವರ ಪಕ್ಕದಲ್ಲೇ ನಾಳೆ ಮದುವೆ ಮನೆಯ ಪಂಕ್ತಿಯಲ್ಲಿ ಕೂರಬೇಕು. ಅದಕ್ಕೇ ಎಲ್ಲದಕ್ಕೂ ಒಟ್ಟಿಗೆ ಬರೆಯಿಸಲಿಲ್ಲ. ವಾರಕ್ಕೆ ಐದು ಎಂದು ಇಟ್ಟುಕೊಂಡೆವು. ಹತ್ತಿರದ ನೆಂಟರಿಗೆ ಮೇಲ್ ಬೇಡ, ಮನೆಗೆ ಹೋಗಿ ಬಾಯಲ್ಲೇ ಹೇಳಿ ಬನ್ನಿ ಎಂದೆ.

ಸಂಘದವರ ಉತ್ತರ ನಾಲ್ಕು ದಿನಕ್ಕೆ ಬಂತು. ಆ ಕೆಲಸವನ್ನು ಬೇರೆಯವರಿಗೆ ಕೊಟ್ಟು ಐದು ತಿಂಗಳಾಗಿತ್ತು. ಇದನ್ನು ಹೇಳುವಾಗ ಅವರಿಗೆ ಸಮಾಧಾನವಾಗಿರಲಿಲ್ಲ, ನೋವಾಗಿತ್ತು. “ಐದು ತಿಂಗಳಿಂದ ನಾನೊಬ್ಬನೇ ಹೊತ್ಕೊಂಡಿದ್ದೆ ಅಲ್ವಾ ಮೇಡಂ” ಎಂದರು. ಹೌದು ಎಂದೆ.

ಈಗ ಆ ಪಟ್ಟಿಯಲ್ಲಿ 31 ಉಳಿದಿವೆ. ವಾರಕ್ಕೆ ಒಂದೆರಡು ರಾತ್ರಿ ಈಗಲೂ ಮೂರಕ್ಕೆ ಎಚ್ಚರವಾಗುತ್ತದೆ. ಶನಿವಾರದ ತರಬೇತಿಯ ಮೇಲ್‌ಗೆ ಇನ್ನೂ ಉತ್ತರ ಹೋಗಿಲ್ಲ. ಮುಂದಿನ ಭೇಟಿಗೆ ಮತ್ತೆ ಲ್ಯಾಪ್‌ಟಾಪ್ ತರುತ್ತೇನೆ ಎಂದಿದ್ದಾರೆ.