ಅಕ್ಕೋರ ಉತ್ತರ: ಗುಳೆಯಿಂದ ಮರಳಿದ ಮಗು ಯಾವ ತರಗತಿಗೆ?

ಈ ಸಲ ಬಂದ ಪತ್ರಗಳೆಲ್ಲ ಶಾಲೆಯವೇ. ರಾಯಚೂರು ಜಿಲ್ಲೆಯ ಹಳ್ಳಿ ಶಾಲೆಗಳಲ್ಲಿ ಪಾಠ ಹೇಳಿ ಮುಖ್ಯಶಿಕ್ಷಕಿಯಾಗಿ ನಿವೃತ್ತಳಾದವಳನ್ನು ಬೇರೆ ಏನು ಕೇಳುತ್ತಾರೆ! ಒಬ್ಬರು ಮಾತ್ರ ಮಂಡಿನೋವಿಗೆ ಔಷಧ ಕೇಳಿದ್ದಾರೆ. ಗೊತ್ತಿದ್ದರೆ ಮೊದಲು ನಾನೇ ಹಚ್ಚಿಕೊಳ್ಳುತ್ತಿದ್ದೆ.

ಪ್ರಶ್ನೆ: ಅಕ್ಕೋರೆ, ನಮ್ಮದು ತಾಂಡಾ. ಮಗ, ಸೊಸೆ ದೀಪಾವಳಿ ಮುಗಿಸಿ ಪುಣೆಗೆ ಗುಳೆ ಹೋಗುತ್ತಾರೆ, ಯುಗಾದಿಗೆ ಮರಳುತ್ತಾರೆ. ನಾಲ್ಕನೇ ತರಗತಿಯ ಮೊಮ್ಮಗಳನ್ನೂ ಕರೆದೊಯ್ದಿದ್ದರು. ಈಗ ಶಾಲೆಯಲ್ಲಿ ಹೆಸರು ತೆಗೆದಿದ್ದೇವೆ, ಪುಣೆಯಿಂದ ಟಿಸಿ ತನ್ನಿ ಎನ್ನುತ್ತಾರೆ. ಓದಲು ಬರುವುದಿಲ್ಲ, ಎರಡನೇ ತರಗತಿಯಲ್ಲಿ ಕೂರಿಸುತ್ತೇವೆ ಎಂದೂ ಹೇಳಿದರು. ಏನು ಮಾಡಲಿ?
— ಒಬ್ಬ ಅಜ್ಜ, ಲಿಂಗಸುಗೂರು ತಾಲ್ಲೂಕು

ಉತ್ತರ: ಹಿರಿಯರೆ, ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ, ಅದು ಸುಲಭ. ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಆರರಿಂದ ಹದಿನಾಲ್ಕು ವರ್ಷದ ಮಗು ಶಾಲೆಯಿಂದ ಹೊರಗುಳಿದಿದ್ದರೆ ಅದನ್ನು ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದುಳಿದದ್ದನ್ನು ಕಲಿಸಲು ವಿಶೇಷ ತರಬೇತಿ ಕೊಡಬೇಕು. ಟಿಸಿ ತಡವಾಯಿತೆಂದು ದಾಖಲಾತಿ ನಿಲ್ಲಿಸುವಂತಿಲ್ಲ. ಎಂಟನೇ ತರಗತಿ ಮುಗಿಯುವವರೆಗೆ ಮಗುವನ್ನು ಹೊರಹಾಕುವಂತಿಲ್ಲ. ಅಷ್ಟಕ್ಕೂ ಪುಣೆಯಲ್ಲಿ ಶಾಲೆಯ ಮೆಟ್ಟಿಲನ್ನೇ ಹತ್ತದ ಹುಡುಗಿ ಅಲ್ಲಿಂದ ಯಾವ ಟಿಸಿ ತಂದಾಳು? ಬಿಳಿ ಹಾಳೆಯಲ್ಲಿ ಅರ್ಜಿ ಬರೆಸಿ ಮುಖ್ಯಶಿಕ್ಷಕರಿಗೆ ಕೊಡಿ, ಇನ್ನೊಂದು ಪ್ರತಿಯ ಮೇಲೆ ಸಹಿ, ಮುದ್ರೆ ಹಾಕಿಸಿಕೊಳ್ಳಿ. ಅಲ್ಲಿ ಆಗದಿದ್ದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಸಿಆರ್‌ಪಿ, ಆಮೇಲೆ ಬಿಇಒ, ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿ. ಬಾಯಿ ಮಾಡಬೇಡಿ, ಮುದ್ರೆ ಬಿದ್ದ ಕಾಗದವೇ ಸಾಕು.

ಇನ್ನು ಕಷ್ಟದ ಮಾತು. ಓದಲು ಬರುವುದಿಲ್ಲ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಗುಳೆಯಿಂದ ಬಂದ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಓದಿಸಿ ನೋಡಿದ್ದೇನೆ. ‘ಕಮಲ’, ‘ಸರಳ’ ಸಲೀಸಾಗಿ ಓದುತ್ತಾರೆ. ಕಾಗುಣಿತದಲ್ಲಿ ‘ಕೆ’ ಮತ್ತು ‘ಕೇ’ ಬಂದಾಗ ತಡವರಿಸುತ್ತಾರೆ. ಒತ್ತಕ್ಷರ ಎದುರಾದ ಕೂಡಲೇ ಸಾಲಿನ ಮೇಲೆ ಓಡುತ್ತಿದ್ದ ಬೆರಳು ನಿಂತುಬಿಡುತ್ತದೆ. ‘ಅಕ್ಕ’ ಎಂಬುದನ್ನು ‘ಅಕ’ ಎಂದು ಓದಿ ನಮ್ಮ ಮುಖ ನೋಡುತ್ತಾರೆ. ಶಾಲೆಯಲ್ಲಿ ಒತ್ತಕ್ಷರ ಕಲಿಸುತ್ತಿದ್ದ ತಿಂಗಳುಗಳಲ್ಲಿ ಆ ಮಗು ಕಟ್ಟುತ್ತಿರುವ ಕಟ್ಟಡದ ಕೆಳಗೆ ತಮ್ಮನನ್ನು ಎತ್ತಿಕೊಂಡು ಕುಳಿತಿತ್ತು. ಪ್ರತಿ ವರ್ಷ ತಪ್ಪುವುದು ಅದೇ ತಿಂಗಳುಗಳು. ಜೂನ್‌ನಿಂದ ದೀಪಾವಳಿಯವರೆಗಿನ ಪಾಠವಷ್ಟೇ ಅದಕ್ಕೆ ಸಿಗುತ್ತದೆ. ವರ್ಷದ ಉತ್ತರಾರ್ಧ ಎಂದೂ ಕೈಗೆ ಹತ್ತುವುದಿಲ್ಲ. ಮನೆಯಲ್ಲಿ ಲಂಬಾಣಿ, ಪುಣೆಯಲ್ಲಿ ಹಿಂದಿ, ಶಾಲೆಯಲ್ಲಿ ಕನ್ನಡ, ಇವುಗಳ ನಡುವೆ ಅಷ್ಟಾದರೂ ಓದುತ್ತದಲ್ಲ ಎಂದು ನನಗೆ ಆಶ್ಚರ್ಯ.

ಆದ್ದರಿಂದ ಅವಳು ನಾಲ್ಕನೇ ತರಗತಿಯಲ್ಲಿಯೇ ಓರಗೆಯವರೊಂದಿಗೆ ಕೂರಲಿ. ದಿನಕ್ಕೆ ಒಂದು ಗಂಟೆ ಮಾತ್ರ, ಎಲ್ಲಿ ನಿಂತಿದ್ದಾಳೋ ಅಲ್ಲಿಂದ ಕಲಿಸಿ ಎಂದು ಕೇಳಿಕೊಳ್ಳಿ. ತರಗತಿ ನೋಡದೆ, ಮಗುವಿಗೆ ಎಷ್ಟು ಬರುತ್ತದೆ ಎಂದು ನೋಡಿ ಗುಂಪು ಮಾಡಿ ಕಲಿಸುವ ಈ ಕ್ರಮವನ್ನು ಪ್ರಥಮ್ ಎಂಬ ಸ್ವಯಂಸೇವಾ ಸಂಸ್ಥೆ ನಮ್ಮ ದೇಶದಲ್ಲಿ ರೂಢಿಸಿತು. 2019ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಅವರ ತಂಡ ಅದನ್ನು ಒರೆಗೆ ಹಚ್ಚಿ ನೋಡಿದೆ. ಆಫ್ರಿಕಾದ ಜಾಂಬಿಯಾ ದೇಶ ಅದನ್ನು ತನ್ನ ಸರ್ಕಾರಿ ಶಾಲೆಗಳಿಗೆ ತಂದುಕೊಂಡಿದೆ. ಸಂಜೆ ಅವಳು ಗಟ್ಟಿಯಾಗಿ ಓದಲಿ, ನೀವು ಪಕ್ಕದಲ್ಲಿ ಕುಳಿತಿರಿ. ನಿಮಗೆ ಓದಲು ಬಾರದಿದ್ದರೆ ತಾಂಡಾದ ಏಳನೇ ತರಗತಿಯ ಹುಡುಗಿಯೊಬ್ಬಳನ್ನು ತಿದ್ದಲು ಕರೆಯಿರಿ.

ಬರುವ ದೀಪಾವಳಿಗೆ ಮುಂಚೆಯೇ ಗುಳೆ ಹೋಗುವವರ ಮಕ್ಕಳಿಗಾಗಿ ಋತುಮಾನದ ವಸತಿ ವ್ಯವಸ್ಥೆ ಹತ್ತಿರದಲ್ಲಿ ಇದೆಯೇ ಎಂದು ಬಿಇಒ ಕಚೇರಿಯಲ್ಲಿ ವಿಚಾರಿಸಿ. ಇಲ್ಲದಿದ್ದರೆ ನಿಮ್ಮ ಬಳಿಯೇ ಉಳಿಸಿಕೊಳ್ಳಿ. ತಮ್ಮನನ್ನು ಯಾರು ನೋಡಿಕೊಳ್ಳಬೇಕು ಎಂದು ಸೊಸೆ ಕೇಳಿಯೇ ಕೇಳುತ್ತಾಳೆ. ಅವನನ್ನೂ ಉಳಿಸಿಕೊಳ್ಳಿ, ಊರಿನ ಅಂಗನವಾಡಿಗೆ ಹೋಗಲಿ.

ಪ್ರಶ್ನೆ: ಬಿಸಿಯೂಟ, ಹಾಲು, ಪುಸ್ತಕ, ಸಮವಸ್ತ್ರ ಎಲ್ಲವೂ ಉಚಿತ. ಆದರೂ ಮಕ್ಕಳು ಕಲಿಯುತ್ತಿಲ್ಲ ಎಂದರೆ ತಂದೆ ತಾಯಿಯ ನಿರ್ಲಕ್ಷ್ಯವಲ್ಲವೆ? ಬೇರೆ ದೇಶಗಳಲ್ಲಿ ಹೀಗಿಲ್ಲ.
— ಪದವಿ ವಿದ್ಯಾರ್ಥಿ, ಗಂಗಾವತಿ

ಉತ್ತರ: ಬೇರೆ ದೇಶ ಎಂದರೆ ನಿಮಗೆ ಒಳ್ಳೆಯ ಶಾಲೆಗಳಿಗೆ ಹೆಸರಾದ ಫಿನ್ಲೆಂಡ್ ಒಂದೇ ನೆನಪಾಗುತ್ತದೆ ಎಂದು ಕಾಣುತ್ತದೆ. ಕೀನ್ಯಾವನ್ನೂ ನೋಡಿ. 2003ರ ಜನವರಿಯಲ್ಲಿ ಅಲ್ಲಿ ಪ್ರಾಥಮಿಕ ಶಾಲೆಯ ಶುಲ್ಕ ತೆಗೆದರು. ಹತ್ತು ಲಕ್ಷಕ್ಕೂ ಹೆಚ್ಚು ಮಕ್ಕಳು ಹೊಸದಾಗಿ ಶಾಲೆಗೆ ನುಗ್ಗಿದರು. ಮರುವರ್ಷ ಕಿಮಾನಿ ಮರೂಗೆ ಎಂಬ 84 ವರ್ಷದ ಅಜ್ಜನೂ ಒಂದನೇ ತರಗತಿಗೆ ಸೇರಿದ. ನಿರ್ಲಕ್ಷ್ಯದ ಜನ ಹೀಗೆ ಓಡಿ ಬರುತ್ತಾರೆಯೆ? ಬಾಗಿಲು ತೆರೆದರು, ಆದರೆ ಅದಕ್ಕೆ ತಕ್ಕಷ್ಟು ಶಿಕ್ಷಕರು ಇರಲಿಲ್ಲ, ತರಗತಿಗಳು ಕಿಕ್ಕಿರಿದವು.

ವಿಶ್ವಬ್ಯಾಂಕಿನ 2022ರ ಅಂದಾಜಿನಂತೆ, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಹತ್ತು ವರ್ಷದ ನೂರು ಮಕ್ಕಳಲ್ಲಿ ಸುಮಾರು 70 ಮಕ್ಕಳಿಗೆ ಒಂದು ಸರಳ ಬರಹವನ್ನು ಓದಿ ತಿಳಿದುಕೊಳ್ಳಲು ಆಗುವುದಿಲ್ಲ. ಅವರಲ್ಲಿ ಬಹುಪಾಲು ಮಕ್ಕಳ ಹೆಸರು ಹಾಜರಿ ಪುಸ್ತಕದಲ್ಲಿದೆ. ಮೇಲಿನ ಅಜ್ಜನ ಮೊಮ್ಮಗಳೂ ಆ ವಯಸ್ಸಿನವಳೇ.

ಬಿಸಿಯೂಟದ ಬೆಲೆ ನನಗೆ ಗೊತ್ತು. ಅಕ್ಷರ ದಾಸೋಹ 2002ರಲ್ಲಿ ಮೊದಲು ಬಂದದ್ದೇ ನಮ್ಮ ಭಾಗದ ಜಿಲ್ಲೆಗಳಿಗೆ. 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಕೊಡಲು ಶುರುಮಾಡಿದ್ದೂ ಇಲ್ಲಿಯೇ. ಆದರೆ ಊಟ ಮಗುವನ್ನು ಶಾಲೆಗೆ ಕರೆತರುತ್ತದೆ, ಪಾಠ ಹೇಳುವುದಿಲ್ಲ. ಕಾಯ್ದೆಯ ಲೆಕ್ಕದಲ್ಲಿಯೇ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ತರಗತಿ ಐದು. ಒಬ್ಬರು ತರಬೇತಿಗೆ ಹೋದ ದಿನ ಇನ್ನೊಬ್ಬರು ಐದು ತರಗತಿಯನ್ನೂ ನೋಡಿ, ಮೊಟ್ಟೆ, ಬಾಳೆಹಣ್ಣಿನ ಲೆಕ್ಕವನ್ನೂ ಬರೆಯಬೇಕು. ನೀವು ಒಂದು ದಿನ ಹೋಗಿ ಕುಳಿತು ನೋಡಿ.

ಇನ್ನು ಹತ್ತಿ, ಮೆಣಸಿನಕಾಯಿ ಬಿಡಿಸುವ ಕಾಲದಲ್ಲಿ ಮಗು ಹೊಲಕ್ಕೆ ಹೋಗುವುದು ಮನೆಯಲ್ಲಿ ಆ ಕೂಲಿಯ ಲೆಕ್ಕ ಇರುವುದರಿಂದ. ಮೆಕ್ಸಿಕೊ ಇದನ್ನು ಮುಚ್ಚಿಡದೆ ಒಪ್ಪಿಕೊಂಡು, 1997ರಿಂದ ಮಕ್ಕಳನ್ನು ತಪ್ಪದೆ ಶಾಲೆಗೆ ಕಳುಹಿಸುವ ತಾಯಂದಿರ ಕೈಗೆ ಹಣ ಕೊಟ್ಟಿತು. ಬಡವರಿಗೆ ಬುದ್ಧಿ ಹೇಳುವುದಕ್ಕಿಂತ ಅದು ಮರ್ಯಾದೆಯ ಕೆಲಸ.

ಪ್ರಶ್ನೆ: ಅಕ್ಕೋರೆ, ನಾನು ಹತ್ತನೇ ತರಗತಿ. ಊರಿಗೆ ಬೆಳಿಗ್ಗೆ ಬಸ್ ಬರುವುದಿಲ್ಲ. ಕಾಲೇಜಿಗೆ ಹೋಗುವುದು ಆಗದ ಮಾತು, ಮದುವೆ ಮಾಡುತ್ತೇವೆ ಎನ್ನುತ್ತಾರೆ ಅಪ್ಪ.
— ಯಲಬುರ್ಗಾ ತಾಲ್ಲೂಕು

ಉತ್ತರ: ತಂಗಿ, ಅಫ್ಗಾನಿಸ್ತಾನದಲ್ಲಿ 2021ರಿಂದ ಆರನೇ ತರಗತಿಯ ಮೇಲೆ ಹುಡುಗಿಯರು ಓದದಂತೆ ತಾಲಿಬಾನ್ ತಡೆದಿದೆ. ಅಲ್ಲಿ ಸರ್ಕಾರದ ಆದೇಶ ಮಾಡುವ ಕೆಲಸವನ್ನು ನಿಮ್ಮೂರಿನಲ್ಲಿ ಬಾರದ ಬಸ್ ಮಾಡುತ್ತಿದೆ. 2023ರ ಜೂನ್‌ನಿಂದ ನಮಗೆ ಟಿಕೆಟ್ ಉಚಿತವಾಯಿತು, ಸರಿ; ಬಸ್ಸೇ ಬಾರದ ಊರಿಗೆ ಉಚಿತ ಟಿಕೆಟ್ ಏಕೆ? ಬಿಹಾರದಲ್ಲಿ 2006ರಲ್ಲಿ ಒಂಬತ್ತನೇ ತರಗತಿಯ ಹುಡುಗಿಯರಿಗೆ ಸೈಕಲ್ ಕೊಟ್ಟಾಗ, ಪ್ರೌಢಶಾಲೆ ದೂರವಿದ್ದ ಹಳ್ಳಿಗಳಲ್ಲಿಯೇ ದಾಖಲಾತಿ ಹೆಚ್ಚು ಏರಿತು. ದಾರಿಯೇ ತೊಡಕಾಗಿತ್ತು ಎಂಬುದು ಅದರಿಂದ ಸ್ಪಷ್ಟ.

ನೀನು ಮಾಡಬೇಕಾದದ್ದು ಎರಡು. ನಿನ್ನೂರಿನ, ಪಕ್ಕದೂರಿನ ಹುಡುಗಿಯರೆಲ್ಲ ಸಹಿ ಹಾಕಿದ ಮನವಿಯನ್ನು ಪಂಚಾಯಿತಿಯವರ ಮೂಲಕ ಬಸ್ ಘಟಕದ ವ್ಯವಸ್ಥಾಪಕರಿಗೆ ತಲುಪಿಸು. ಕಾಲೇಜು ಬಾಗಿಲು ತೆರೆಯುವ ಹೊತ್ತನ್ನು ಅದರಲ್ಲಿ ಬರೆ. ಜೊತೆಗೆ ಸಮಾಜ ಕಲ್ಯಾಣ ಮತ್ತು ಹಿಂದುಳಿದ ವರ್ಗಗಳ ಇಲಾಖೆಯ ಬಾಲಕಿಯರ ವಸತಿ ನಿಲಯಕ್ಕೆ ಅರ್ಜಿ ಯಾವಾಗ ಕರೆಯುತ್ತಾರೆ ಎಂದು ನಿನ್ನ ಶಿಕ್ಷಕರಿಂದ ತಿಳಿದುಕೋ. ಹದಿನೆಂಟು ತುಂಬುವ ಮೊದಲು ಮದುವೆಯ ಮಾತು ಗಟ್ಟಿಯಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡು. ಅಪ್ಪನ ಮೇಲೆ ದೂರು ಕೊಟ್ಟಂತಾಗುತ್ತದೆ ಎಂದು ಹೆದರಬೇಡ. ಈ ಪುಟವನ್ನು ಅಪ್ಪನಿಗೆ ತೋರಿಸಿದರೂ ನನ್ನ ಅಡ್ಡಿಯಿಲ್ಲ.

ಪ್ರಶ್ನೆ: ಮಗನನ್ನು ಒಂದನೇ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸಬೇಕೆ? ಸಾಲ ಮಾಡಬೇಕಾಗುತ್ತದೆ.
— ಆಟೊ ಚಾಲಕ, ಬಳ್ಳಾರಿ

ಉತ್ತರ: ತಮಗೆ ಅರ್ಥವಾಗುವ ಭಾಷೆಯಲ್ಲಿ ಶಿಕ್ಷಣ ಸಿಗದವರು ಜಗತ್ತಿನಲ್ಲಿ ಶೇ 40ರಷ್ಟು ಎಂದು ಯುನೆಸ್ಕೊ ಹೇಳುತ್ತದೆ. ಸಾಲ ಮಾಡಿ ಆ ಗುಂಪಿಗೆ ಸೇರುವುದೇಕೆ ಎಂಬುದು ನನ್ನ ಅಭಿಪ್ರಾಯ. ಆದರೂ ಮನಸ್ಸು ಕೇಳದಿದ್ದರೆ, ಆ ಶಾಲೆಗೆ ಹೋಗುವ ಮೂರನೇ ತರಗತಿಯ ಮಗುವೊಂದು ನಿಮ್ಮ ಓಣಿಯಲ್ಲಿ ಇದ್ದೇ ಇರುತ್ತದೆ. ಅದರ ಕೈಯಲ್ಲಿ ಪಠ್ಯಪುಸ್ತಕದ ನಾಲ್ಕು ಸಾಲು ಓದಿಸಿ, ಏನು ಓದಿದೆ ಎಂದು ಕನ್ನಡದಲ್ಲಿ ಕೇಳಿ. ಹೇಳಿದರೆ ಶುಲ್ಕ ಕಟ್ಟಿ.