ಜಿಪಿಎಸ್ ಜ್ಯಾಮ್ ಆದರೆ ಯುದ್ಧವಿಮಾನ ದಾರಿ ತಪ್ಪುತ್ತದೆಯೇ?

ಶತ್ರು ಜಿಪಿಎಸ್ ಜ್ಯಾಮ್ ಮಾಡಿದರೆ, ಅಂದರೆ ಅದರ ಸಂಕೇತವನ್ನು ರೇಡಿಯೋ ಗದ್ದಲದಲ್ಲಿ ಮುಳುಗಿಸಿದರೆ, ಯುದ್ಧವಿಮಾನ ದಾರಿ ತಪ್ಪಿ, ಇಳಿಯಲಾಗದೆ ಪರದಾಡುವುದಿಲ್ಲವೇ ಎಂದು ಕೇಳಿದ್ದೀರಿ. ಇಲ್ಲ. ನಾನು ಏವಿಯಾನಿಕ್ಸ್, ಅಂದರೆ ವಿಮಾನದ ಎಲೆಕ್ಟ್ರಾನಿಕ್ ಉಪಕರಣಗಳ ನಿರ್ವಹಣೆಯಲ್ಲಿ ಕೆಲಸ ಮಾಡಿದವನು. ಜಿಪಿಎಸ್ ಬರುವ ಎಷ್ಟೋ ಮೊದಲೇ ಈ ವಿಮಾನಗಳು ರಾತ್ರಿ, ಮೋಡ ಎನ್ನದೆ ಹಾರುತ್ತಿದ್ದವು ಎನ್ನುವುದನ್ನು ಜನ ಮರೆತೇಬಿಡುತ್ತಾರೆ.

ಇಂದಿಗೂ ಬೆನ್ನೆಲುಬು ಐಎನ್‌ಎಸ್, ಅಂದರೆ ಜಡತ್ವವನ್ನೇ ನೆಚ್ಚಿದ ಸಂಚಾರ ವ್ಯವಸ್ಥೆ. ಅದರೊಳಗಿನ ಅಕ್ಸೆಲೆರೊಮೀಟರ್‌ಗಳು ವೇಗೋತ್ಕರ್ಷವನ್ನು ಅಳೆಯುತ್ತವೆ, ಗೈರೋಗಳು ವಿಮಾನ ಎತ್ತ ತಿರುಗಿತೆಂದು ಹೇಳುತ್ತವೆ. ಕಂಪ್ಯೂಟರ್ ಕೂಡುತ್ತಾ ಹೋಗಿ ವೇಗವನ್ನೂ ಅದರಿಂದ ದೂರವನ್ನೂ ತೆಗೆಯುತ್ತದೆ. ಹೊರಗಿನಿಂದ ಯಾವ ಸಂಕೇತವೂ ಬೇಡ, ಆದ್ದರಿಂದ ಜ್ಯಾಮ್ ಮಾಡಲು ಏನೂ ಇಲ್ಲ.

ನನಗೆ ಬಲು ಇಷ್ಟವಾದದ್ದು ಹಾರುವ ಮುಂಚೆ ಈ ವ್ಯವಸ್ಥೆಗೆ ಮಾಡುವ ಅಲೈನ್‌ಮೆಂಟ್. ನಿಂತ ಜಾಗದ ಅಕ್ಷಾಂಶ, ರೇಖಾಂಶ ಕೊಟ್ಟು ಕೆಲವು ನಿಮಿಷ ವಿಮಾನವನ್ನು ಅಲುಗಿಸದೆ ಬಿಡಬೇಕು. ಗುರುತ್ವದ ಸೆಳೆತದಿಂದ ಕೆಳಗು ಯಾವುದೆಂದು ಅದಕ್ಕೆ ತಿಳಿಯುತ್ತದೆ. ಗಂಟೆಗೆ 15 ಡಿಗ್ರಿ ತಿರುಗುವ ಭೂಮಿಯ ಚಲನೆಯನ್ನೇ ಗೈರೋಗಳಿಂದ ಹಿಡಿದು ಉತ್ತರ ದಿಕ್ಕನ್ನು ಕಂಡುಕೊಳ್ಳುತ್ತದೆ. ಅಯಸ್ಕಾಂತದ ಹಂಗೇ ಇಲ್ಲ. ನಡುವೆ ಯಾರಾದರೂ ವಿಮಾನ ಎಳೆದರೆ ಮತ್ತೆ ಮೊದಲಿಂದ ಶುರು, ಬೈಗುಳ ಬೇರೆ.

ದೋಷ ಒಂದಿದೆ: ಸಣ್ಣ ತಪ್ಪುಗಳು ಕೂಡುತ್ತಾ ಹೋಗಿ ಗಂಟೆಗೆ ಸುಮಾರು ಒಂದು ನಾಟಿಕಲ್ ಮೈಲಿ, ಅಂದರೆ 1.85 ಕಿ.ಮೀ.ನಷ್ಟು ಲೆಕ್ಕ ಜಾರಬಹುದು. ಅದನ್ನು ತಿದ್ದಲು ಜಿಪಿಎಸ್ ಅತ್ಯುತ್ತಮ, ಆದರೆ ಏಕೈಕವಲ್ಲ. ಟಾಕನ್ ಎಂಬ ನೆಲದ ಸೇನಾ ರೇಡಿಯೋ ಕೇಂದ್ರ ದಿಕ್ಕನ್ನೂ ದೂರವನ್ನೂ ಕೊಡುತ್ತದೆ. ಕೆಲವು ವಿಮಾನಗಳು, ನೆಲದಿಂದ ಎಷ್ಟು ಎತ್ತರದಲ್ಲಿದ್ದೇವೆಂದು ಅಳೆಯುವ ರೇಡಾರ್ ಆಲ್ಟಿಮೀಟರ್‌ನಿಂದ ನೆಲದ ಏರಿಳಿತ ಅಳೆದು, ಸಂಗ್ರಹಿಸಿಟ್ಟ ನಕ್ಷೆಯೊಂದಿಗೆ ಹೋಲಿಸುತ್ತವೆ. ಎಸ್‌ಆರ್-71 ಎಂಬ ಅಮೆರಿಕದ ಬೇಹುಗಾರಿಕಾ ವಿಮಾನವಂತೂ ಹಗಲಲ್ಲೂ ನಕ್ಷತ್ರ ನೋಡಿ ತನ್ನ ಸ್ಥಾನ ತಿದ್ದಿಕೊಳ್ಳುತ್ತಿತ್ತು.

ಇಳಿಯುವುದಕ್ಕೆ ಐಎಲ್‌ಎಸ್ (ರನ್‌ವೇಗೆ ದಾರಿ ತೋರುವ ಸಂಕೇತ ವ್ಯವಸ್ಥೆ) ಎಲ್ಲರಿಗೂ ಗೊತ್ತು. ಅದು ರನ್‌ವೇ ಪಕ್ಕದ ರೇಡಿಯೋ, ಉಪಗ್ರಹಕ್ಕೂ ಅದಕ್ಕೂ ಸಂಬಂಧವಿಲ್ಲ. ಸೇನೆಯ ನೆಲೆಗಳಲ್ಲಿ ಇನ್ನೊಂದಿದೆ: ಪಿಎಆರ್, ಅಂದರೆ ಇಳಿಯುವ ವಿಮಾನದ ಸ್ಥಾನವನ್ನು ನಿಖರವಾಗಿ ತೋರಿಸುವ ನೆಲದ ರೇಡಾರ್. ಒಂದು ಆಂಟೆನಾ ಎಡಬಲಕ್ಕೆ, ಇನ್ನೊಂದು ಮೇಲೆಕೆಳಗೆ ತಡಕುತ್ತದೆ. ಪರದೆ ನೋಡುವ ಕಂಟ್ರೋಲರ್ 'ಸ್ವಲ್ಪ ಎಡಕ್ಕಿದ್ದೀರಿ, ಗ್ಲೈಡ್ ಪಾತ್‌ಗಿಂತ ಮೇಲಿದ್ದೀರಿ' (ಗ್ಲೈಡ್ ಪಾತ್ ಎಂದರೆ ಇಳಿಯುವ ಓರೆ ದಾರಿ) ಎಂದು ಬಿಡದೆ ಹೇಳುತ್ತಿರುತ್ತಾನೆ. ಕೊನೆಯ ಹಂತದಲ್ಲಿ ಪೈಲಟ್ ಉತ್ತರಿಸಬೇಕಿಲ್ಲ. ಅಮೆರಿಕದ ಪದ್ಧತಿಯಲ್ಲಿ ಆಗ ಐದು ಸೆಕೆಂಡ್ ದನಿ ನಿಂತರೆ, ರನ್‌ವೇ ಕಾಣದ ಪೈಲಟ್ ಇಳಿಯುವುದನ್ನು ಬಿಟ್ಟು ಮೇಲೇರಬೇಕು. ವಿಮಾನದಲ್ಲಿ ಮಾಮೂಲಿ ರೇಡಿಯೋ ಇದ್ದರೆ ಸಾಕು. 1948-49ರಲ್ಲಿ ಸೋವಿಯತ್ ದಿಗ್ಬಂಧನಕ್ಕೊಳಗಾದ ನಗರಕ್ಕೆ ವಿಮಾನಗಳಲ್ಲಿ ಸಾಮಗ್ರಿ ಸಾಗಿಸಿದ ಬರ್ಲಿನ್ ಏರ್‌ಲಿಫ್ಟ್‌ನಲ್ಲಿ ಕೆಟ್ಟ ಹವೆಯಲ್ಲೂ ವಿಮಾನಗಳನ್ನು ಇಳಿಸಿದ್ದು ಇದೇ ವಿಧಾನದಿಂದ. ಹಳೆಯದೆಂದು ಇದನ್ನು ಮೂಲೆಗೆ ತಳ್ಳುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಾಗಾದರೆ ಜ್ಯಾಮ್ ಏಕೆ ಮಾಡುತ್ತಾರೆ? ಸುಲಭ, ಅದಕ್ಕೆ. 20,200 ಕಿ.ಮೀ. ಎತ್ತರದಿಂದ ಬರುವ ಸಂಕೇತ ಅಷ್ಟು ಕ್ಷೀಣ. ಹಲವು ಸೇನಾ ವಿಮಾನಗಳಲ್ಲಿ ಜ್ಯಾಮರ್ ಇರುವ ದಿಕ್ಕಿಗಷ್ಟೇ ಕಿವುಡಾಗುವ ಆಂಟೆನಾ ಇರುತ್ತದೆ, ಗೂಢಲಿಪಿಯ ಸಂಕೇತವೂ ಇದೆ. ಆದರೂ ಜಿಪಿಎಸ್ ಕೈಕೊಟ್ಟರೆ ಪೆಟ್ಟು ಬೀಳುವುದು ವಿಮಾನದ ದಾರಿಗಿಂತ ಅಸ್ತ್ರದ ಗುರಿಗೆ. ಜಿಪಿಎಸ್ ಮತ್ತು ಐಎನ್‌ಎಸ್ ಎರಡರಿಂದಲೂ ಗುರಿ ಹಿಡಿಯುವ ಅಮೆರಿಕದ ಜೆಡ್ಯಾಮ್ ಬಾಂಬ್, ಜಿಪಿಎಸ್ ಇದ್ದಾಗ ಗುರಿಯ 5 ಮೀಟರ್ ಆಸುಪಾಸಿನಲ್ಲಿ ಬೀಳಬೇಕೆಂಬುದು ಅವರ ವಾಯುಪಡೆಯ ಲೆಕ್ಕ. ಬರೀ ಐಎನ್‌ಎಸ್ ಮೇಲೆ ಬಿಟ್ಟರೆ ಅದು 30 ಮೀಟರ್.